ಕೊಸರು ಕಲಿತ ತಕ್ಕಡಿ

ಹುರಿದ ಎಳ್ಳಿನ ವಾಸನೆ ಮೂಗಿಗೆ ಬಿದ್ದರೆ ಎಲ್ಲರಿಗೂ ಸಂಕ್ರಾಂತಿ ನೆನಪಾಗುತ್ತದಂತೆ. ನನಗೆ ಜಗಳ ನೆನಪಾಗುತ್ತದೆ.

ಹೋದ ಚಳಿಗಾಲದಲ್ಲಿ ಕಣ್ಣು ತೋರಿಸಲು ಪಾಂಡವಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಪೇಟೆ ಬೀದಿಗೆ ತಿರುಗುವ ಮೂಲೆಯಲ್ಲಿ ಆ ವಾಸನೆ ಬಂತು. ಒಂದು ಅಂಗಡಿಯಲ್ಲಿ ಹುಡುಗಿಯೊಬ್ಬಳು ಎಳ್ಳುಬೆಲ್ಲ ತೂಗುತ್ತಿದ್ದಳು. ಕರೆಂಟಿನ ತಕ್ಕಡಿ. ಪಕ್ಕದಲ್ಲಿ, ದುಡ್ಡು ಬಂತು ದುಡ್ಡು ಬಂತು ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುವ ಒಂದು ಡಬ್ಬಿ. ನಂಬರು ಅರ್ಧ ಕೆಜಿಗೆ ಬಂದು ನಿಂತ ಮೇಲೆ ಆ ಹುಡುಗಿ ಇನ್ನೊಂದು ಚಿಟಿಕೆ ತೆಗೆದು ಮೇಲೆ ಉದುರಿಸಿದಳು. ನಂಬರು ಮೇಲಕ್ಕೆ ಹೋಯಿತು. ಅವಳು ಅದನ್ನು ನೋಡಲೂ ಇಲ್ಲ, ಪೊಟ್ಟಣ ಕಟ್ಟಿಬಿಟ್ಟಳು. ನನಗೆ ನಗು ಬಂತು.

"ಯಾಕಜ್ಜಿ ನಗ್ತೀರಾ?"

"ಏನಿಲ್ಲ, ತೂಗವ್ವ."

ಅವಳಿಗೆ ಹೇಳುತ್ತ ಕೂತಿದ್ದರೆ ಡಾಕ್ಟರು ಊಟಕ್ಕೆ ಎದ್ದುಹೋಗುತ್ತಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆಯುವುದು ನಿಧಾನ. ಓದುವವರೂ ನಿಧಾನವಾಗಿ ಓದಿ.

ತೊಂಬತ್ತರ ದಶಕದ ನಡುವಿನ ಒಂದು ಮಾಗಿಯ ಕಾಲದ ಮಾತು ಇದು. ಪೇಟೆಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಹೊಸದಾಗಿ ಬಂದಿತ್ತು. ಜನ ಅದರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಅದೇ ಪೇಟೆ ಬೀದಿಯಲ್ಲಿ, ಮಾದೇಗೌಡರ ಕಟ್ಟಡದ ಒಂದು ಸಣ್ಣ ಮಳಿಗೆಯಲ್ಲಿ ನನ್ನ ಅಂಗಡಿ ಇತ್ತು. ಸಣ್ಣಕ್ಕನ ಅಂಗಡಿ ಎಂದರೆ ಎಲ್ಲರಿಗೂ ಗೊತ್ತು. ವರ್ಷವೆಲ್ಲ ಬೆಲ್ಲ, ಹುರಿಗಡಲೆ, ಕಡಲೆಪುರಿ ಮಾರುತ್ತಿದ್ದೆ. ಅದರಿಂದ ಹೊಟ್ಟೆ ತುಂಬುತ್ತಿತ್ತು, ಅಷ್ಟೇ. ಬದುಕು ಒಂದಿಷ್ಟು ಮೇಲೇಳುತ್ತಿದ್ದುದು ಸಂಕ್ರಾಂತಿಯ ಎಳ್ಳುಬೆಲ್ಲದಿಂದ.

ಎಳ್ಳು ನಾಗಮಂಗಲದ ದೇವಲಾಪುರದ ಕಡೆಯಿಂದ ತರಿಸುತ್ತಿದ್ದೆ. ಆ ಒಣನೆಲದ ಎಳ್ಳಿಗೆ ಇರುವ ಘಮ ನಾಲೆ ನೀರಿನ ಎಳ್ಳಿಗೆ ಇಲ್ಲ. ಕೊಬ್ಬರಿ ನನ್ನ ತೌರಿನ ಕಡೆಯ ಕೆ.ಆರ್. ಪೇಟೆಯದು. ಸಕ್ಕರೆ ಅಚ್ಚು ಶ್ರೀರಂಗಪಟ್ಟಣದ್ದು. ಬೆಲ್ಲಕ್ಕೆ ಎಲ್ಲಿಗೂ ಹೋಗಬೇಕಿರಲಿಲ್ಲ, ನಮ್ಮ ಪಾಂಡವಪುರದ ಸುತ್ತ ಯಾವ ಕಡೆ ಮೂಗು ತಿರುಗಿಸಿದರೂ ಆಲೆಮನೆಯೇ. ನಾಲ್ಕು ತಾಲ್ಲೂಕನ್ನು ಒಂದು ಮೊರದಲ್ಲಿ ಕಲಸುವ ಕೆಲಸ ನನ್ನದು. ದೀಪಾವಳಿ ಕಳೆದ ಮೇಲೆ ಕೂತರೆ ಏಳುವ ಹಾಗಿಲ್ಲ. ಕೊಬ್ಬರಿಯ ಕಪ್ಪು ಹೆರೆಯಬೇಕು, ಸಣ್ಣಗೆ ಹೆಚ್ಚಬೇಕು, ಅಚ್ಚುಬೆಲ್ಲವನ್ನು ಅಡಿಕೆ ಕತ್ತರಿಯಲ್ಲಿ ತುಂಡು ಮಾಡಬೇಕು, ಎಲ್ಲವನ್ನೂ ತಾರಸಿಯ ಮೇಲೆ ಬಿಸಿಲಿಗೆ ಹರಡಬೇಕು. ಬೆಳಗಿನ ಹೊತ್ತು ನಾಲೆಯ ಮೇಲಿಂದ ಮಂಜು ಎದ್ದು ಬೀದಿಗೆ ಬರುತ್ತಿತ್ತು. ಅದು ಕರಗುವ ತನಕ ಏನೂ ಒಣಗುವುದಿಲ್ಲ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಏಳುತ್ತಿತ್ತು. ಬೊಬ್ಬೆ ಎದ್ದಿದೆ ಎಂದರೆ ವ್ಯಾಪಾರ ಚೆನ್ನಾಗಿದೆ ಎಂದು ಅರ್ಥ.

ಅಂಗಡಿಯ ಮುಂದೆ ನನ್ನ ತಕ್ಕಡಿ ತೂಗುತ್ತಿತ್ತು. ಹಿತ್ತಾಳೆಯ ತಟ್ಟೆ, ಕಬ್ಬಿಣದ ದಂಡ, ಸರ್ಕಾರದ ಮುದ್ರೆ ಬಿದ್ದ ತೂಕದ ಬಟ್ಟುಗಳು. ಶ್ರೀರಂಗಪಟ್ಟಣದ ಗಫೂರ್ ಸಾಬರು ವರ್ಷಕ್ಕೊಮ್ಮೆ ಬಂದು ಅದನ್ನು ಬಿಚ್ಚಿ, ತಿಕ್ಕಿ, ಮುಳ್ಳು ಸರಿಮಾಡಿ ಹೋಗುತ್ತಿದ್ದರು. ತಕ್ಕಡಿ ರಿಪೇರಿ ಅವರ ಅಪ್ಪನ ಕಾಲದಿಂದ ಬಂದ ಕಸುಬು. ನಾನು ತೂಗುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಮುಳ್ಳು ನಡುವಿಗೆ ನಿಂತ ಮೇಲೆ ಒಂದು ಹಿಡಿ ಮೇಲೆ ಹಾಕುವುದು. ಅದು ಕೊಸರು. ಸಾಮಾನಿನ ತಟ್ಟೆ ಗಿರಾಕಿಯ ಕಣ್ಣ ಮುಂದೆ ಕೆಳಗೆ ಬಾಗಬೇಕು. ಬಾಗದಿದ್ದರೆ ನಮ್ಮ ಸೀಮೆಯ ಹೆಂಗಸರು ಸೆರಗು ಒಡ್ಡುವುದಿಲ್ಲ, ನಿಂತೇ ಇರುತ್ತಾರೆ.

ಎದುರು ಸಾಲಿನಲ್ಲಿ ಚೆಲುವಣ್ಣನ ಅಂಗಡಿ. ವಯಸ್ಸಿನಲ್ಲಿ ನನಗಿಂತ ಸಣ್ಣವನು, ಮಾತಿನಲ್ಲಿ ದೊಡ್ಡವನು. ಆ ದೀಪಾವಳಿಗೆ ಅವನು ಮೈಸೂರಿನಿಂದ ಒಂದು ಪೆಟ್ಟಿಗೆ ತಂದ. ಬೆಳ್ಳಗಿನ ಥರ್ಮಾಕೋಲು ಬಿಚ್ಚಿದರೆ ಒಳಗೆ ಸ್ಟೀಲಿನ ತಟ್ಟೆಯ ಒಂದು ಮೆಷಿನ್ನು. ದಂಡವಿಲ್ಲ, ಸರಪಳಿಯಿಲ್ಲ, ಮುಳ್ಳಿಲ್ಲ. ಸ್ವಿಚ್ಚು ಒತ್ತಿದರೆ ಕೆಂಪು ಕೆಂಪಾಗಿ ನಂಬರು ಹತ್ತಿಕೊಳ್ಳುತ್ತಿತ್ತು.

"ಕಂಪ್ಯೂಟರ್ ತಕ್ಕಡಿ ಕಣ್ರಪ್ಪೋ! ಒಂದು ಕಾಳು ಎಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ!" ಎಂದು ಅವನು ಬೀದಿಯಲ್ಲಿ ನಿಂತು ಕೂಗಿದ. ಮೆಷಿನ್ನಿಗೆ ಕೆಂಪು ಬಟ್ಟೆಯ ಸ್ಟೂಲು, ಅರಿಸಿನ ಕುಂಕುಮ, ದಿನಾ ಪೂಜೆ. ಜನ ಮುತ್ತಿಕೊಂಡರು. ಒಬ್ಬಳು ಮಗುವನ್ನು ಕೂರಿಸಿ ತೂಗಿಸಿದಳು. ಒಬ್ಬ ಕೋಳಿ ತಂದ. ಕೋಳಿ ಮೆಷಿನ್ನಿನ ಮೇಲೆ ಮಾಡಬಾರದ್ದು ಮಾಡಿತು, ಚೆಲುವಣ್ಣನ ಹೆಂಡತಿ ಭಾಗ್ಯ ಕೋಳಿಯವನ ವಂಶವನ್ನೆಲ್ಲ ಬೈದಳು.

ನಾನೂ ಹೋಗಿ ನೋಡಿದೆ. ತಟ್ಟೆ ಬರಿದಿದ್ದರೂ ನಂಬರಿನ ಮುಂದೆ ಒಂದು ಸಣ್ಣ ಕೆಂಪು ಗೀಟು ಇತ್ತು.

"ಇದೇನ್ಲಾ ಚೆಲುವ, ಈ ಗೀಟು?"

"ಅದು ಮೆಷಿನ್ನಿನ ನಾಮ ಕಣಕ್ಕ. ಮೇಲ್ಕೋಟೆ ಅಯ್ಯಂಗಾರ್ರು ಆಕ್ಕಳಾಕಿಲ್ವಾ, ಅಂಗೆ."

ನಕ್ಕು ಬಂದೆ. ಅವನ ವ್ಯಾಪಾರದ ಇನ್ನೊಂದು ರೀತಿಯನ್ನೂ ಅಲ್ಲೇ ನಿಂತು ನೋಡಿದೆ. ನಂಬರು ಸ್ವಲ್ಪ ಮೇಲೆ ಹೋದರೆ ಅವನು ತಟ್ಟೆಯಿಂದ ಒಂದು ಚಿಟಿಕೆ ವಾಪಸ್ಸು ತೆಗೆಯುತ್ತಿದ್ದ. ತಟ್ಟೆಗೆ ಬಿದ್ದದ್ದನ್ನು ವಾಪಸ್ಸು ತೆಗೆಯುವುದು! ಹೆಂಗಸರ ಮುಖ ಸಣ್ಣದಾಗುತ್ತಿತ್ತು. ಆದರೂ ಅಲ್ಲಿಗೇ ಹೋಗುತ್ತಿದ್ದರು. ಕೆಂಪು ದೀಪದ ಮುಂದೆ ಯಾರೂ ಮಾತಾಡುವುದಿಲ್ಲ.

ಗಿರಾಕಿ ಹಂಚಿಹೋಗುವುದು ಇದ್ದದ್ದೇ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಟ್ಟದ್ದು ಚಿನಕುರಳಿಯ ಲಕ್ಷ್ಮಮ್ಮ ಬಂದ ದಿನ. ಅವಳದು ದೊಡ್ಡ ಒಟ್ಟು ಕುಟುಂಬ, ಬಾಯಿ ಅದಕ್ಕಿಂತ ದೊಡ್ಡದು. ಬೆಳಿಗ್ಗೆ ನನ್ನಲ್ಲಿ ಒಂದು ಕೆಜಿ ಬೆಲ್ಲ ತೆಗೆದುಕೊಂಡು ಹೋದವಳು ಪೊಟ್ಟಣವನ್ನು ಎದೆಯ ಹತ್ತಿರ ಹಿಡಿದುಕೊಂಡು ರಸ್ತೆ ದಾಟಿ ವಾಪಸ್ಸು ಬಂದಳು. ಹಿಂದೆ ಹತ್ತು ಜನ.

"ಏನೇ ಸಣ್ಣಿ, ನಂಗೇ ಕಳ್ಳತೂಕ ಆಕ್ತೀಯಾ?"

"ಏನ್ ಮಾತಾಡ್ತಿದ್ದೀಯೆ?"

"ನಾನ್ ಮಾತಾಡ್ತಿಲ್ಲ, ಮೆಷಿನ್ ಮಾತಾಡ್ತು. ಒಂಬೈನೂರ ಎಪ್ಪತ್ತು ಅಂತು. ಇನ್ನು ಮೂವತ್ತು ಗ್ರಾಂ ಎತ್ತ ಓಯ್ತು? ನಿನ್ ಗಂಡನ್ ಬಾಯ್ಗೋ?"

ಅವಳ ಮುಂದೆಯೇ ನನ್ನ ತಕ್ಕಡಿಗೆ ಹಾಕಿ ತೂಗಿದೆ. ತಟ್ಟೆ ಅವಳ ಕಡೆಗೆ ಬಾಗಿತು, ಕೊಸರು ಸಮೇತ.

"ನಿನ್ ತಕ್ಕಡಿ ನಿನ್ ಕಡೆಗೇ ಯೋಳ್ತದೆ ಬುಡು," ಎಂದು ಲಕ್ಷ್ಮಮ್ಮ ಪೊಟ್ಟಣವನ್ನು ನನ್ನ ಮುಂದೆ ಎಸೆದು ಹೋದಳು.

ಅಲ್ಲಿಂದ ಅದೇ ಒಂದು ಚಾಳಿಯಾಯಿತು. ನನ್ನಲ್ಲಿ ಕೊಳ್ಳುವುದು, ಎದುರಿಗೆ ಹೋಗಿ ಮೆಷಿನ್ನಿಗೆ ಇಡುವುದು, ವಾಪಸ್ಸು ಬಂದು ಬೈಯುವುದು. ಕೆಜಿಯವರಿಗಿಂತ ಕಾಲು ಕೆಜಿಯವರ ಗಲಾಟೆ ಜಾಸ್ತಿ. ಇನ್ನೂರೈವತ್ತಕ್ಕೆ ಇನ್ನೂರ ಹತ್ತು ಬಂದರೆ ಯಾರು ಸುಮ್ಮನಿರುತ್ತಾರೆ? ಚೆಲುವಣ್ಣ ಯಾರನ್ನೂ ಕರೆಯುತ್ತಿರಲಿಲ್ಲ, ಆದರೆ ಬಂದವರಿಗೆ ಬೇಡವೆನ್ನುತ್ತಲೂ ಇರಲಿಲ್ಲ. ಸಾಯಂಕಾಲ ತೂಗಿಸಿದ ಕೆಲವರಿಗೆ ನನ್ನ ಸಾಮಾನು ಒಂದು ಕೆಜಿಗಿಂತ ಹೆಚ್ಚೇ ಬಂದಿತ್ತಂತೆ. ಅದು ಬಹಳ ತಡವಾಗಿ ನನಗೆ ಗೊತ್ತಾಯಿತು. ಹೆಚ್ಚು ಬಂತೆಂದು ಹೇಳಲು ಯಾರೂ ರಸ್ತೆ ದಾಟಿ ಬರಲಿಲ್ಲ. ಅಂಥವರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ನನ್ನ ಗಂಡ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. "ಅಂಗಡಿ ಬುಟ್ಬುಡು, ಎರಡು ಎಮ್ಮೆ ಕಟ್ಕಂಡು ಡೈರಿಗೆ ಹಾಲಾಕನ," ಎಂದ. "ಕಳ್ಳಿ ಅನ್ನಿಸ್ಕಂಡು ಎಮ್ಮೆ ಕಟ್ಟಿದ್ರೆ ಹಾಲಿಗೆ ನೀರ್ ಆಕವ್ಳೆ ಅಂತಾರೆ," ಎಂದೆ. ಅವನು ಗಾಡಿ ಹೊಡೆದುಕೊಂಡು ಹೋದ.

ಗಫೂರ್ ಸಾಬರಿಗೆ ಎಸ್‌ಟಿಡಿ ಬೂತಿನಿಂದ ಫೋನು ಮಾಡಿಸಿದೆ. ಅವರ ಮನೆಯ ಪಕ್ಕದ ಸೈಕಲ್ ಶಾಪಿನಲ್ಲಿ ಫೋನು ಇತ್ತು. ನಾನು ಮೊದಲ ಸಲ ಫೋನಿನಲ್ಲಿ ಮಾತಾಡಿದ್ದು ಅದೇ. ಮಾತಾಡಿದೆ ಎನ್ನುವುದಕ್ಕಿಂತ ಕಿರುಚಿದೆ. ಸಾಬರು ಮಾರನೆಯ ದಿನವೇ ಬಂದರು. ತಕ್ಕಡಿ ಬಿಚ್ಚಿದರು, ಬಟ್ಟುಗಳನ್ನು ತಮ್ಮ ಚೀಲದ ಬಟ್ಟುಗಳ ಜೊತೆ ಹಾಕಿ ನೋಡಿದರು.

"ಅಲ್ಲಾ ಕಸಂ ಬೆಹೆನ್, ಕೂದಲೆಳೆ ಫರಕ್ ಇಲ್ಲ," ಎಂದು ಬೀದಿಗೆ ಕೇಳುವ ಹಾಗೆ ಹೇಳಿದರು.

ಎದುರು ಸಾಲಿನಿಂದ ಯಾರೋ ಅಂದರು, "ರಿಪೇರಿ ಕಾಸು ಈಸ್ಕಂಡೋನು ಇನ್ನೇನ್ ಯೋಳ್ತಾನ್ಲಾ!"

ಸಾಬರ ಮುಖ ಕೆಂಪಾಯಿತು. ತಮ್ಮ ಸಾಮಾನನ್ನು ಚೀಲಕ್ಕೆ ತುಂಬಿಕೊಂಡು ಏನೂ ತೆಗೆದುಕೊಳ್ಳದೆ ಹೊರಟುಹೋದರು. ಅಪ್ಪನ ಕಾಲದಿಂದ ಇಟ್ಟುಕೊಂಡು ಬಂದ ಮಾತು ಅವರದೂ ಅವತ್ತು ಹೋಗಿತ್ತು.

ಆ ವಾರದಲ್ಲೇ ಮಾದೇಗೌಡರು ಬಂದರು. ಕಟ್ಟಡದ ಯಜಮಾನರು. ಮಳೆಯಿರಲಿ ಬಿಸಿಲಿರಲಿ ಕೈಯಲ್ಲಿ ಛತ್ರಿ. ಕೂರಲಿಲ್ಲ, ಛತ್ರಿಯನ್ನು ನನ್ನ ಕಡೆಗೆ ಚಾಚಿ ಹೇಳಿದರು.

"ನೋಡು ಸಣ್ಣಮ್ಮ, ನೀನ್ ಕದ್ದೋ ಇಲ್ವೋ ನಂಗ್ ಬೇಕಾಗಿಲ್ಲ. ಮಾದೇಗೌಡನ ಬಿಲ್ಡಿಂಗಲ್ಲಿ ಕಳ್ಳತೂಕ ಅಂತ ಊರೆಲ್ಲ ಆಡ್ತಾವ್ರೆ. ಸಂಕ್ರಾಂತಿ ಕಳೀಲಿ. ಮಾರನೇ ದಿನ ಬೀಗದ ಕೈ ತಂದ್ಕೊಡು."

"ಗೌಡ್ರೇ, ಈಟು ವರ್ಷದಲ್ಲಿ ನಿಮ್ಮನೆಗೆ ಎಂದಾದ್ರೂ ಕಮ್ಮಿ ತೂಗಿದ್ದೀನಾ?"

"ಅದ ನಾನ್ ಯಾವತ್ತೂ ತೂಗಿ ನೋಡಿಲ್ಲ," ಎಂದರು ಗೌಡರು. ಹೋದರು.

ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತೂಗಿ ನೋಡಿಲ್ಲ! ಇಷ್ಟು ವರ್ಷ ನಂಬಿಕೊಂಡು ತಿಂದವರು, ಮೆಷಿನ್ನು ಬಂದ ಮೇಲೆ ನಂಬುವುದನ್ನೇ ಬಿಟ್ಟರು. ನಾನು ಅಳುವವಳಲ್ಲ. ಕೊಬ್ಬರಿ ಹೆಚ್ಚುತ್ತ ಕೂತೆ. ಕೈಗೆ ಬೊಬ್ಬೆ ಬಂದಿರಲಿಲ್ಲ. ತಾರಸಿಯ ಮೇಲೆ ಒಣಗಿದ ಮಾಲು ಹಾಗೆ ಹಾಗೆಯೇ ಚೀಲದಲ್ಲಿತ್ತು. ಸಂಕ್ರಾಂತಿಗೆ ಉಳಿದದ್ದು ಎರಡೇ ಸಂತೆ.

ಎದುರಿಗೆ ಚೆಲುವಣ್ಣನ ಅಂಗಡಿಯಲ್ಲೂ ಒಂದು ವಿಚಿತ್ರ ನಡೆಯುತ್ತಿತ್ತು. ಗಿರಾಕಿಗಳು ತುಂಬಿದ್ದರೂ ಅವನು ಮುಖ ಗಂಟು ಹಾಕಿಕೊಂಡಿರುತ್ತಿದ್ದ. ಒಂದು ದಿನ ಇಲಿಬೋನು ತಂದ. ಮಾರನೆಯ ದಿನ ಇನ್ನೊಂದು.

"ಮೂಟೆ ಬಿಚ್ಚಿದ್ರೆ ತಳ ಕಾಣ್ತದೆ, ಗಲ್ಲದಲ್ಲಿ ಕಾಸ್ ಕಾಣಾಕಿಲ್ಲ. ಇಲಿ ತಿಂತಾವೆ ಕಣೆ! ಒಂದು ಬೆಕ್ಕಾದ್ರೂ ಸಾಕಬಾರ್ದೇನೆ?" ಎಂದು ಭಾಗ್ಯಳನ್ನು ಬೈಯುವುದು ನನಗೆ ಕೇಳುತ್ತಿತ್ತು.

"ಇಲಿ ತಿಂದಿದ್ರೆ ಚೀಲ ತೂತಾಗ್ತಿರಲಿಲ್ವಾ? ನೀನೇ ಎಲ್ಲೋ ಕಳೀತಿದ್ದೀಯ," ಎಂದು ಅವಳು ತಿರುಗಿಸಿ ಬೈಯುತ್ತಿದ್ದಳು.

ಸಂತೆಯ ದಿನ ಗಫೂರ್ ಸಾಬರು ಮತ್ತೆ ಬಂದರು. ಕರೆದಿರಲಿಲ್ಲ, ತಾವಾಗಿಯೇ ಬಂದರು. ಅವರಿಗೂ ನಿದ್ದೆ ಬಂದಿರಲಿಲ್ಲ ಎಂದು ಕಾಣುತ್ತದೆ. ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತ ಅಂದರು, "ಬೆಹೆನ್, ನಿನ್ನ ಬೆಲ್ಲ ಎಲ್ಲಾರೂ ಆ ಮೆಷಿನ್ ಮೇಲೆ ಇಟ್ಟರು. ನಿನ್ನ ಬಟ್ಟು ಯಾರಾದರೂ ಇಟ್ಟರಾ?"

"ಬಟ್ಟನ್ನ ಯಾರ್ ತೂಗ್ತಾರೆ ಸಾಬ್ರೇ?"

"ಅದೇ ನಾನೂ ಯೋಚನೆ ಮಾಡ್ತಾ ಇದೀನಿ. ಮೆಷಿನ್ ವಿಷಯ ನನಗೆ ತಿಳಿಯಲ್ಲ, ಅದು ಲೈಟಿನ ಸಾಮಾನು. ಆದ್ರೆ ಕಬ್ಬಿಣ ಸುಳ್ಳು ಹೇಳಲ್ಲ."

ನನ್ನ ಟೀ ಲೋಟ ಕೆಳಗಿಟ್ಟೆ. ಒಂದು ಕೆಜಿಯ ಬಟ್ಟು ತೆಗೆದುಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೆ ಇಳಿದೆ. ಸಂತೆಯ ಜನ ದಾರಿ ಬಿಟ್ಟರು. ಕೈಯಲ್ಲಿ ಕಬ್ಬಿಣ ಹಿಡಿದು ಬರುವ ಹೆಂಗಸಿಗೆ ಯಾರೂ ಅಡ್ಡ ಬರುವುದಿಲ್ಲ. ಚೆಲುವಣ್ಣ ಒಂದು ಹೆಜ್ಜೆ ಹಿಂದೆ ಸರಿದ. ತಲೆಗೆ ಎಸೆಯುತ್ತೇನೆ ಎಂದುಕೊಂಡನೋ ಏನೋ.

"ಅಕ್ಕೋ, ಕೂತ್ಕಂಡು ಮಾತಾಡನ!"

"ಮಾತಾಡಕ್ ಬಂದಿಲ್ಲ, ತೂಗ್ಸಕ್ ಬಂದಿದ್ದೀನಿ. ನಿನ್ ಮೆಷಿನ್ ಎಲ್ಲಾರ ಪೊಟ್ಟಣ ತೂಗ್ತದಲ್ಲ, ಇದ್ನೂ ತೂಗ್ಲಿ."

ಬಟ್ಟನ್ನು ತಟ್ಟೆಯ ಮೇಲಿಟ್ಟೆ. ನಂಬರು ಓಡಿ ನಿಂತಿತು. ಬಸ್ಸಿನ ನಂಬರು ನೋಡಿ ನೋಡಿ ಇಂಗ್ಲಿಷ್ ಅಂಕಿ ನನಗೆ ಬರುತ್ತಿತ್ತು. ಒಂಬೈನೂರ ಐವತ್ತು.

"ನೋಡ್ದಾ!" ಎಂದ ಚೆಲುವಣ್ಣ. "ನಿನ್ ಬಟ್ಟೇ ಸವದೋಗದೆ! ನಾನ್ ಯೋಳ್ಳಿಲ್ವಾ?"

ಜನ ಗುಜುಗುಜು ಎಂದರು. ಮಾದೇಗೌಡರೂ ಛತ್ರಿಯ ಜೊತೆ ಬಂದು ನಿಂತಿದ್ದರು. ಸುಳ್ಳು ಹೇಳಬಾರದು, ನಿಜವಾಗಿಯೂ ಸವೆದಿದೆಯೇನೋ ಎನ್ನಿಸಿತು. ಆದರೆ ಅಷ್ಟು ಹೊತ್ತಿಗೆ ಅವನ ಬಾಗಿಲು ನನ್ನ ಕಣ್ಣಿಗೆ ಬಿತ್ತು. ಗಾಳಿಗೆ ಬಡಿಯದಂತೆ ಬಾಗಿಲಿಗೆ ಒತ್ತು ಕೊಟ್ಟಿದ್ದದ್ದು ಅವನದೇ ಹಳೆಯ ಕೆಜಿ ಬಟ್ಟು. ಬಗ್ಗಿ ಎತ್ತಿಕೊಂಡೆ, ಸೆರಗಿನಿಂದ ಒರೆಸಿದೆ, ಇಟ್ಟೆ.

ಒಂಬೈನೂರ ಐವತ್ತು.

"ಇದೂ ಸವದದಾ?"

"ಅದೂ ಹಳೇದೇ ಅಲ್ವಾ ಮತ್ತೆ," ಎಂದ, ದನಿ ಸ್ವಲ್ಪ ಇಳಿದಿತ್ತು.

ಸಂತೆಯಲ್ಲಿ ಈರುಳ್ಳಿ ಮಾರುತ್ತಿದ್ದವನೊಬ್ಬ ತಮಾಷೆಗೆ ತನ್ನ ಬಟ್ಟು ತಂದುಕೊಟ್ಟ. ಹೊಸದು, ಬಣ್ಣ ಕೂಡ ಹೋಗಿರಲಿಲ್ಲ. ಇಟ್ಟೆವು. ಒಂಬೈನೂರ ಐವತ್ತು.

ಆಗ ಮಾತಾಡಿದವಳು ಯಾರು ಗೊತ್ತೇ? ಅದೇ ಚಿನಕುರಳಿಯ ಲಕ್ಷ್ಮಮ್ಮ. ಜನರನ್ನು ತಳ್ಳಿಕೊಂಡು ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಅಲ್ ಕಣ್ಲಾ ಚೆಲುವ, ಮೂರಂಗಡಿ ಕಬ್ಬಿಣ ಮೂರೂ ಒಂದೇ ಸಮ ಸವೀತದೇನ್ಲಾ? ಮಾತಾಡ್ಕಂಡು ಸವದವಾ?"

ಜನ ಹೋ ಎಂದು ನಕ್ಕರು. ಚೆಲುವಣ್ಣ ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು. ಆ ಕಾಲದಲ್ಲಿ ಸಂತೆಯ ಹೊತ್ತಿಗೆ ಕರೆಂಟು ಹೋಗುವುದು ಸಂತೆಯಷ್ಟೇ ಖಂಡಿತ. ಕೆಂಪು ನಂಬರು ಆರಿತು. ಯಾರೂ ಕದಲಲಿಲ್ಲ. ಟೀ ಅಂಗಡಿಯವನು ಅಲ್ಲಿಗೇ ಟೀ ತಂದು ಮಾರತೊಡಗಿದ. ಬಟ್ಟು ತೆಗೆದು ನಾನು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. ಮನೆಗೆ ಹೋಗಿ ಬಾ ಎಂದು ಯಾರೋ ಅಂದರು. ಹೋಗಲಿಲ್ಲ.

ಎಲ್ಲರೂ ಎರಡು ಟೀ ಕುಡಿಯುವಷ್ಟರಲ್ಲಿ ಕರೆಂಟು ಬಂತು. ಮೆಷಿನ್ನು ಕೀಂ ಎಂದು ಹತ್ತಿಕೊಂಡಿತು. ಸೊನ್ನೆ ಸೊನ್ನೆ ಸೊನ್ನೆ. ಮುಂದಿದ್ದ ಗೀಟು ಇರಲಿಲ್ಲ.

"ನಾಮ ಎಲ್ಲೋಯ್ತ್ಲಾ?" ಎಂದೆ.

ಅವನು ಕಣ್ಣು ಬಿಟ್ಟ. ನಾನು ಬಟ್ಟು ಇಟ್ಟೆ. ಒಂದು, ಸೊನ್ನೆ, ಸೊನ್ನೆ, ಸೊನ್ನೆ. ಸರಿಯಾಗಿ ಒಂದು ಕೆಜಿ. ಅವನ ಬಟ್ಟು ಇಟ್ಟೆವು, ಒಂದು ಕೆಜಿ. ಈರುಳ್ಳಿಯವನದು, ಒಂದು ಕೆಜಿ.

"ಮಾಟ ಮಾಡ್ಸವ್ರೆ," ಎಂದ ಚೆಲುವಣ್ಣ ಮೆಲ್ಲಗೆ.

"ಮಾಟ ಇಲ್ಲ ಏನಿಲ್ಲ," ಎಂದರು ಗಫೂರ್ ಸಾಬರು, ಜನರ ಹಿಂದಿನಿಂದ ಮುಂದೆ ಬಂದು. "ಕರೆಂಟು ಬಂದಾಗ ಸರಿ ಇದೆ, ಬೆಳಿಗ್ಗೆ ತಪ್ಪಿತ್ತು. ಬೆಳಿಗ್ಗೆ ಸ್ವಿಚ್ ಒತ್ತುವಾಗ ಏನು ಮಾಡ್ತೀಯಪ್ಪ?"

"ಏನ್ ಮಾಡ್ತಾರೆ? ಪೂಜೆ ಮಾಡಿ ಒತ್ತೋದು."

"ಅದ್ನೇ ಮಾಡ್ ತೋರ್ಸು," ಎಂದೆ ನಾನು. "ಇವತ್ ಬೆಳಿಗ್ಗೆ ಎಂಗ್ ಮಾಡ್ದೋ ಅಂಗೇ."

ಪೂಜೆ ಮಾಡುವವಳು ಭಾಗ್ಯ. ದಿನಾ ಒಂದು ಮೊಳ ಒದ್ದೆ ಸೇವಂತಿಗೆಯನ್ನು ತಟ್ಟೆಯ ಮೇಲಿಟ್ಟು, ಊದುಬತ್ತಿ ಹಚ್ಚಿ, ಕೈಮುಗಿದು ಸ್ವಿಚ್ಚು ಒತ್ತುತ್ತಿದ್ದಳು. ಆಮೇಲೆ ಅದೇ ಹೂವನ್ನು ಪ್ರಸಾದವೆಂದು ತೆಗೆದು ತಲೆಗೆ ಮುಡಿದುಕೊಳ್ಳುತ್ತಿದ್ದಳು. ಈಗಲೂ ಅದು ಅವಳ ಜಡೆಯಲ್ಲೇ ಇತ್ತು.

"ಮುಡ್ದಿರೋ ಊವ ಮತ್ತೆ ಇಕ್ಕಕ್ಕಾದದಾ? ಮೈಲಿಗೆ ಆಗಾಕಿಲ್ವಾ?" ಎಂದಳು ಭಾಗ್ಯ.

"ಪೂಜೆಗಲ್ಲ ಕಣೆ, ಪಂಚಾಯ್ತಿಗೆ ಇಕ್ಕು," ಎಂದಳು ಲಕ್ಷ್ಮಮ್ಮ.

ಸ್ವಿಚ್ಚು ಆರಿಸಿದರು. ಭಾಗ್ಯ ಜಡೆಯಿಂದ ಹೂವು ಬಿಚ್ಚಿ ತಟ್ಟೆಯ ಮೇಲಿಟ್ಟಳು. ಸ್ವಿಚ್ಚು ಒತ್ತಿದಳು. ಸೊನ್ನೆ ಸೊನ್ನೆ ಸೊನ್ನೆ. ತಟ್ಟೆಯ ಮೇಲೆ ಅಷ್ಟು ಹೂವಿದ್ದರೂ ಸೊನ್ನೆ! ಆಮೇಲೆ ಹೂವು ತೆಗೆದು ಅಭ್ಯಾಸಬಲದಿಂದ ಮತ್ತೆ ತಲೆಗೆ ಸಿಕ್ಕಿಸಿಕೊಂಡಳು. ಆ ಕೂಡಲೇ ಮೆಷಿನ್ನಿನಲ್ಲಿ ಗೀಟು ಬಂದು ನಿಂತಿತು. ಗೀಟಿನ ಪಕ್ಕ ಐವತ್ತು.

ಎಲ್ಲರೂ ಒಟ್ಟಿಗೆ ನೋಡಿದರು, ಎಲ್ಲರಿಗೂ ಒಟ್ಟಿಗೆ ತಿಳಿಯಿತು. ಮೆಷಿನ್ನು ಹತ್ತಿಕೊಳ್ಳುವಾಗ ಮೈಮೇಲೆ ಏನಿದೆಯೋ ಅದನ್ನೇ ಸೊನ್ನೆ ಎಂದುಕೊಳ್ಳುತ್ತದೆ. ಹೂವು ತೆಗೆದರೆ ಅಷ್ಟು ಕಡಿಮೆ ತೋರಿಸುತ್ತದೆ. ಕರೆಂಟು ಹೋಗಿ ಬಂದರೆ ತಾನೇ ಸರಿಯಾಗುತ್ತದೆ, ಸಾಯಂಕಾಲದವರಿಗೆ ಹೆಚ್ಚು ಬಂದದ್ದು ಅದಕ್ಕೇ. ಪಾಪ, ಗೀಟು ಹಾಕಿ ದಿನಾ ಹೇಳುತ್ತಲೇ ಇತ್ತು. ನಾವು ಅದನ್ನು ನಾಮ ಎಂದುಕೊಂಡೆವು.

ನಾನು ಭಾಗ್ಯಳ ಜಡೆ ತೋರಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನನ್ ಅಂಗಡೀಲಿ ಕಮ್ಮಿಯಾದ ತೂಕ ನಿನ್ನೆಂಡ್ರ ತಲೆ ಮ್ಯಾಲೈತೆ ಕಣ್ಲಾ ಚೆಲುವ!"

ಆ ದಿನದ ನಗು ಪಾಂಡವಪುರದ ರೈಲ್ವೆ ಸ್ಟೇಷನ್ನಿನ ತನಕ ಕೇಳಿಸಿರಬೇಕು. ಈರುಳ್ಳಿಯವನು ನೆಲಕ್ಕೆ ಕೂತು ನಕ್ಕ. ಮಾದೇಗೌಡರೂ ನಕ್ಕರು, ನಾನು ಅವರ ಹಲ್ಲು ನೋಡಿದ್ದು ಅದೇ ಮೊದಲು. ಚೆಲುವಣ್ಣ ಮಾತ್ರ ನಗಲಿಲ್ಲ. ಅವನ ಕಣ್ಣು ಮೆಷಿನ್ನಿನಿಂದ ಮೂಟೆಗೆ, ಮೂಟೆಯಿಂದ ಇಲಿಬೋನಿಗೆ ಹೋಯಿತು. ದೀಪಾವಳಿಯಿಂದ ಪ್ರತಿ ಕೆಜಿಗೂ, ಪ್ರತಿ ಕಾಲು ಕೆಜಿಗೂ ಒಂದೊಂದು ಮೊಳ ಸೇವಂತಿಗೆಯ ತೂಕದಷ್ಟು ಸಾಮಾನನ್ನು ಅವನು ಊರಿಗೆ ಪುಕ್ಕಟೆ ಹಂಚಿದ್ದ. ಚಿಟಿಕೆ ವಾಪಸ್ಸು ತೆಗೆದು ತೆಗೆದು ಹಿಡಿಗಟ್ಟಲೆ ಕೊಟ್ಟಿದ್ದ.

"ಇಲಿ ಸಿಕ್ತೇನ್ಲಾ?" ಎಂದು ಯಾರೋ ಕೇಳಿದರು.

"ಈ ಮುಂಡೇದ ನಾಲೆಗೆ ಎಸೀತೀನಿ!" ಎಂದು ಅವನು ವೈರು ಕೀಳಲು ಹೋದ.

"ಎಸೀಬ್ಯಾಡ," ಎಂದೆ. "ನಂಗ್ ಕೊಡು."

ಗಫೂರ್ ಸಾಬರು ನನ್ನ ಮುಖ ನೋಡಿದರು. ನಾನು ಹೇಳಿದ್ದು ಕೋಪದಿಂದಲ್ಲ, ತಮಾಷೆಗೂ ಅಲ್ಲ. ಆ ಎರಡು ತಿಂಗಳಲ್ಲಿ ನಾನು ಒಂದು ವಿಷಯ ಕಲಿತಿದ್ದೆ. ಒಮ್ಮೆ ಕೆಂಪು ನಂಬರು ನೋಡಿದ ಜನ ಇನ್ನು ಕಬ್ಬಿಣದ ಮುಳ್ಳು ನೋಡುವುದಿಲ್ಲ. ಇವತ್ತು ನಕ್ಕವರು ನಾಳೆ ಇನ್ನೊಂದು ಅಂಗಡಿಯ ಮೆಷಿನ್ನಿಗೆ ನನ್ನ ಪೊಟ್ಟಣ ಇಡುತ್ತಾರೆ. ಹಾಗೆ ಇಡುವುದಾದರೆ ನನ್ನ ಅಂಗಡಿಯಲ್ಲೇ, ನನ್ನ ಕಣ್ಣ ಮುಂದೆಯೇ ಇಡಲಿ.

ಅಲ್ಲಿಯೇ ಮಾತಾಯಿತು. ನನ್ನ ತಕ್ಕಡಿ, ಬಟ್ಟುಗಳೆಲ್ಲ ಅವನಿಗೆ. ಮೆಷಿನ್ನು ನನಗೆ. ಮೇಲಿನ ದುಡ್ಡು ಹಬ್ಬ ಕಳೆದ ಮೇಲೆ ನಾನು ಕೊಡುವುದು. ಮಾದೇಗೌಡರೇ ಸಾಕ್ಷಿ.

"ಬೀಗದ ಕೈ ಯಾವಾಗ ತಂದ್ಕೊಡ್ಲಿ ಗೌಡ್ರೇ?" ಎಂದು ಕೇಳಿದೆ.

ಗೌಡರು ಛತ್ರಿಯಿಂದ ನೆಲ ಕೆರೆದರು. "ಇಟ್ಕೊಳಮ್ಮ. ಮುಂದಿನ ಸಲ ನಮ್ಮನೆಗೆ ಬೆಲ್ಲ ಕೊಡುವಾಗ ತೂಗಿ ಕೊಡು, ನಾನೂ ನೋಡ್ತೀನಿ."

ವರ್ಷ ವರ್ಷವೂ ತಾವೇ ತಿಕ್ಕಿ ನೋಡಿಕೊಂಡ ತಕ್ಕಡಿಯನ್ನು ಎದುರು ಸಾಲಿಗೆ ಹೊರುವಾಗ ಗಫೂರ್ ಸಾಬರು ಮಾತ್ರ ಮುಖ ಸಪ್ಪಗೆ ಮಾಡಿಕೊಂಡರು.

"ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ ಬೆಹೆನ್. ಎಲ್ಲಾರೂ ಲೈಟಿನದು ತಗೊಂಡ್ರೆ ನಾನು ಏನು ತಿಕ್ಕಲಿ?"

"ಇದ್ನೇ ಬಿಚ್ಚಿ ಕಲೀರಿ ಸಾಬ್ರೇ. ಕೆಟ್ರೆ ಮೈಸೂರಿಗೆ ಯಾರ್ ಒತ್ಕೊಂಡೋಯ್ತಾರೆ? ಮೊದ್ಲು ನನ್ದೇ ಬಿಚ್ಚಿ. ಆದ್ರೆ ಸಂಕ್ರಾಂತಿ ಆದ್ಮೇಲೆ."

ಕಲಿತರು. ಮುಂದೆ ಶ್ರೀರಂಗಪಟ್ಟಣದಲ್ಲಿ ಅವರ ಬೋರ್ಡು ಬಿತ್ತು, ಹಳೆಯ ತಕ್ಕಡಿಯ ಚಿತ್ರದ ಪಕ್ಕ ಹೊಸ ಮೆಷಿನ್ನಿನ ಚಿತ್ರ. ಅದು ಆಮೇಲಿನ ಮಾತು.

ನನ್ನ ಮುಂದೆ ಇನ್ನೊಂದು ತೊಡಕಿತ್ತು. ಮೆಷಿನ್ನಿನ ತಟ್ಟೆ ಬಾಗುವುದಿಲ್ಲ. ಎಷ್ಟು ಹಾಕಿದರೂ ಕಲ್ಲಿನ ಹಾಗೆ ಕೂತಿರುತ್ತದೆ. ತಟ್ಟೆ ಬಾಗದೆ ಕೊಸರು ಹೇಗೆ ಕಾಣಬೇಕು? ಚೆಲುವಣ್ಣ ಸೋತದ್ದೂ ಅಲ್ಲೇ. ಅವನು ನಂಬರಿಗೆ ಹೆದರಿ ಸಾಮಾನು ವಾಪಸ್ಸು ತೆಗೆಯುತ್ತಿದ್ದ. ಸಂಕ್ರಾಂತಿಯ ಹಿಂದಿನ ಸಂತೆಯ ದಿನ, ಮಂಜು ಕರಗುವ ಮೊದಲೇ ಅಂಗಡಿ ತೆಗೆದೆ. ಮೆಷಿನ್ನಿನ ತಟ್ಟೆಯನ್ನು ಬಟ್ಟೆಯಿಂದ ಒರೆಸಿದೆ. ಹೂವನ್ನು ಬಾಗಿಲಿಗೆ ಸಿಕ್ಕಿಸಿದೆ, ಊದುಬತ್ತಿಯನ್ನು ಗೋಡೆಗೆ ಚುಚ್ಚಿದೆ. ಬರಿಯ ತಟ್ಟೆ, ಬರಿಯ ಸ್ವಿಚ್ಚು. ಸೊನ್ನೆ ಸೊನ್ನೆ ಸೊನ್ನೆ. ನಾಮವಿಲ್ಲ.

ಬಿಸಿಲೇರುವಷ್ಟರಲ್ಲಿ ಸಾಲು ಬಸ್ ಸ್ಟ್ಯಾಂಡಿನ ತಿರುವು ಮುಟ್ಟಿತ್ತು. ಕೆಲವರು ಎಳ್ಳುಬೆಲ್ಲಕ್ಕೆ ಬಂದಿದ್ದರು, ಕೆಲವರು ಕಥೆ ಕೇಳಿ ಬಂದಿದ್ದರು. ಇಬ್ಬರಿಗೂ ಪೊಟ್ಟಣ ಕಟ್ಟಿದೆ. ಕಬ್ಬಿನ ಗಾಡಿ ನಿಲ್ಲಿಸಿ ನನ್ನ ಗಂಡನೂ ಬಂದು ಕಾಗದ ಹರಿದುಕೊಡುತ್ತ ಕೂತ. ಎಮ್ಮೆಯ ಮಾತು ಎತ್ತಲಿಲ್ಲ. ಚೀಲಗಳು ಒಂದೊಂದಾಗಿ ಬರಿದಾದವು. ಹೆಬ್ಬೆರಳಿನ ಬೊಬ್ಬೆ ಎದ್ದು ಒಡೆದದ್ದು ನನಗೆ ಗೊತ್ತೇ ಆಗಲಿಲ್ಲ.

ಸಾಲಿನಲ್ಲಿ ಲಕ್ಷ್ಮಮ್ಮ ಇದ್ದಳು. ಅವಳ ಸರದಿ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ತಪ್ಪಾಯಿತು ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

"ಎರಡ್ ಕೆಜಿ ಆಕು," ಎಂದಳು. ಕಣ್ಣು ನಂಬರಿನ ಮೇಲೆ.

ಹಾಕಿದೆ. ನಂಬರು ಓಡಿ ಓಡಿ ಸರಿಯಾಗಿ ಎರಡಕ್ಕೆ ಬಂದು ನಿಂತಿತು. ಹಿಂದಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಅವಳು ಸೆರಗು ಒಡ್ಡಲಿಲ್ಲ, ನಿಂತೇ ಇದ್ದಳು. ನಾನು ಮೊರಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಮೇಲೆ ಸುರಿದೆ. ತಟ್ಟೆ ಬಾಗಲಿಲ್ಲ, ನಂಬರು ಎದ್ದಿತು. ಎರಡನ್ನು ದಾಟಿ ಮೇಲೆ, ಇನ್ನೂ ಮೇಲೆ ಹೋಯಿತು. ಎಲ್ಲರಿಗೂ ಕಂಡಿತು.

ಲಕ್ಷ್ಮಮ್ಮನ ಬಾಯಿ ತೆರೆದುಕೊಂಡಿತು. "ಮೆಷಿನ್ ಕೊಸರು ಕೊಡಾಕಿಲ್ಲ ಅಂತಿದ್ರಲ್ಲೇ ಎಲ್ಲಾರೂ!"

"ಮೆಷಿನ್ ಕೊಡಾಕಿಲ್ಲ ಕಣವ್ವ, ನಾನ್ ಕೊಡ್ತೀನಿ. ಸೆರಗು ಹಿಡಿ, ಹಿಂದೆ ಜನ ನಿಂತವ್ರೆ."